ಕ್ರೂಸ್ ಹಡಗು ಹತ್ತುವ ದಿನ: ದಾಖಲೆ ಜೋಡಿಸುವುದರಿಂದ ಮಸ್ಟರ್ ಡ್ರಿಲ್‌ವರೆಗೆ

ಹಡಗು ಹತ್ತುವ ದಿನ ಬಂದರಿನಲ್ಲಿ ಎದುರಾಗುವ ತೊಂದರೆಗಳಲ್ಲಿ ಹೆಚ್ಚಿನವು ಮನೆಯಲ್ಲೇ ಹುಟ್ಟಿದವು. ಪಾಸ್‌ಪೋರ್ಟ್ ದೊಡ್ಡ ಸೂಟ್‌ಕೇಸ್‌ನೊಳಗೆ ಸೇರಿಹೋಗಿರುತ್ತದೆ, ವೀಸಾ ಒಂದೇ ಪ್ರವೇಶದ್ದಾಗಿರುತ್ತದೆ, ರಾತ್ರಿ ನುಂಗಬೇಕಾದ ಮಾತ್ರೆ ಪೋರ್ಟರ್ ಕೈಗೆ ಕೊಟ್ಟ ಪೆಟ್ಟಿಗೆಯಲ್ಲಿರುತ್ತದೆ. ಕೌಂಟರ್ ಮುಂದೆ ನಿಂತ ಮೇಲೆ ಇವುಗಳಲ್ಲಿ ಕೆಲವನ್ನು ಸರಿಪಡಿಸಬಹುದು, ಕೆಲವನ್ನು ಯಾರಿಂದಲೂ ಆಗದು. ಹಾಗಾಗಿ ಬಂದರಿನ ಬಾಗಿಲಿಗೆ ಹೋಗುವ ಮೊದಲು ಮಾಡಬೇಕಾದ ಕೆಲಸಗಳಿಂದಲೇ ಶುರು ಮಾಡೋಣ.

ದಾಖಲೆಗಳು

ಪಾಸ್‌ಪೋರ್ಟ್ ಅವಧಿಯನ್ನು ಹಡಗು ಹೊರಡುವ ದಿನದಿಂದ ಎಣಿಸಬೇಡಿ, ಪ್ರವಾಸ ಮುಗಿಯುವ ದಿನದಿಂದ ಎಣಿಸಿ. ಆ ದಿನದಿಂದ ಮುಂದಕ್ಕೆ ಕನಿಷ್ಠ ಆರು ತಿಂಗಳು ಉಳಿದಿರಬೇಕೆಂದು ಬಹಳಷ್ಟು ದೇಶಗಳೂ ಕ್ರೂಸ್ ಕಂಪನಿಗಳೂ ಕೇಳುತ್ತವೆ. ಟಿಕೆಟ್‌ನಲ್ಲಿರುವ ಹೆಸರು ಪಾಸ್‌ಪೋರ್ಟ್‌ನಲ್ಲಿರುವಂತೆಯೇ ಇರಬೇಕು. ಇನಿಶಿಯಲ್ ಬಿಡಿಸಿ ಬರೆದದ್ದು, ಮೊದಲ ಹೆಸರು ಕೊನೆಯ ಹೆಸರು ಅದಲುಬದಲಾದದ್ದು, ಮದುವೆಯ ನಂತರ ಬದಲಾದ ಹೆಸರು, ಈ ಮೂರರಲ್ಲೇ ಗೊಂದಲ ಜಾಸ್ತಿ. ಬುಕಿಂಗ್ ಆದ ವಾರದಲ್ಲಿ ಹೇಳಿದರೆ ತಿದ್ದಿಕೊಡುತ್ತಾರೆ. ಹಡಗಿನ ಪ್ರಯಾಣಿಕರ ಪಟ್ಟಿ ಅಧಿಕಾರಿಗಳಿಗೆ ಸಲ್ಲಿಕೆಯಾದ ಮೇಲೆ ಅದೇ ಕೆಲಸ ದೊಡ್ಡ ತಲೆನೋವು.

ವೀಸಾ ವಿಷಯದಲ್ಲಿ ಹೆಚ್ಚು ಎಚ್ಚರ ಬೇಕು. ಹಡಗು ನಿಲ್ಲುವ ಪ್ರತಿಯೊಂದು ದೇಶದ ನಿಯಮವನ್ನೂ ನಿಮ್ಮ ಪಾಸ್‌ಪೋರ್ಟ್‌ಗೆ ಅನ್ವಯಿಸಿ ನೋಡಬೇಕು. ದಡಕ್ಕೆ ಇಳಿಯದೆ ಹಡಗಿನಲ್ಲೇ ಕೂತಿರುತ್ತೇನೆ ಅಂದರೂ ಕೆಲವು ಬಂದರುಗಳಿಗೆ ವೀಸಾ ಬೇಕೇ ಬೇಕು, ಏಕೆಂದರೆ ಅಲ್ಲಿನ ಅಧಿಕಾರಿಗಳು ಹಡಗಿನಲ್ಲಿರುವ ಎಲ್ಲರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಎರಡನೆಯ ಬಲೆ, ಒಂದೇ ಪ್ರವೇಶದ ವೀಸಾ. ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪಾದ ಷೆಂಗೆನ್ ವಲಯದ ಬಂದರಿನಿಂದ ಹೊರಟ ಹಡಗು ನಡುವೆ ಆ ವಲಯದ ಹೊರಗಿನ ದೇಶಕ್ಕೆ ಹೋಗಿ ಮರಳಿದರೆ ಅದು ಹೊಸ ಪ್ರವೇಶ ಎನಿಸಿಕೊಳ್ಳುತ್ತದೆ. ಇಂಥ ಮಾರ್ಗಕ್ಕೆ ಬಹುಪ್ರವೇಶದ ವೀಸಾ ಇಲ್ಲದವರನ್ನು ಮೊದಲ ದಿನದ ಕೌಂಟರ್‌ನಲ್ಲೇ ತಡೆಯುತ್ತಾರೆ. ದಾಖಲೆ ಸರಿಯಿಲ್ಲದೆ ಹತ್ತಿಸಿಕೊಳ್ಳದಿದ್ದರೆ ಹಣ ಮರಳಿ ಬರುವುದಿಲ್ಲ ಎಂಬುದು ಟಿಕೆಟ್ ಒಪ್ಪಂದದಲ್ಲೇ ಬರೆದಿರುತ್ತದೆ. ದಾಖಲೆಯ ಹೊಣೆ ಪೂರ್ತಿಯಾಗಿ ಪ್ರಯಾಣಿಕರದ್ದು, ಏಜೆಂಟ್ ಏನೇ ಹೇಳಿರಲಿ.

ಹಳದಿ ಜ್ವರದ ಲಸಿಕೆ ಕೇಳುವ ದೇಶಗಳು ಮಾರ್ಗದಲ್ಲಿದ್ದರೆ, ಲಸಿಕೆ ಹಾಕಿಸಿಕೊಂಡ 10 ದಿನಗಳ ನಂತರವಷ್ಟೇ ಪ್ರಮಾಣಪತ್ರ ಊರ್ಜಿತವಾಗುತ್ತದೆ ಎಂಬುದು ನೆನಪಿರಲಿ. 2016ರ ಜುಲೈನಿಂದ ಈ ಪ್ರಮಾಣಪತ್ರಕ್ಕೆ ಜೀವಮಾನದ ಮಾನ್ಯತೆ ಇದೆ. ಹಳೆಯದರ ಮೇಲೆ ಹತ್ತು ವರ್ಷ ಎಂದು ಮುದ್ರಿತವಾಗಿದ್ದರೂ ಅದು ನಡೆಯುತ್ತದೆ.

ಗರ್ಭಿಣಿಯರಿಗೆ ಸಾಮಾನ್ಯ ಮಿತಿ 24 ವಾರ. ಹತ್ತುವ ದಿನ 23 ವಾರವಾಗಿದ್ದು ಪ್ರವಾಸದ ನಡುವೆ 24 ತಲುಪಿದರೂ ಹತ್ತಲು ಬಿಡುವುದಿಲ್ಲ. ಮಗುವಿಗೆ ಕನಿಷ್ಠ 6 ತಿಂಗಳು, ಸಾಗರ ದಾಟುವ ದೀರ್ಘ ಯಾನಗಳಿಗೆ ಬಹುತೇಕ 12 ತಿಂಗಳು ತುಂಬಿರಬೇಕು. ತಂದೆ ತಾಯಿಯರಲ್ಲಿ ಒಬ್ಬರ ಜೊತೆ ಮಾತ್ರ ಮಗು ಹೊರಟಿದ್ದರೆ ಇನ್ನೊಬ್ಬರ ಸಹಿಯಿರುವ ಒಪ್ಪಿಗೆ ಪತ್ರ ಇಟ್ಟುಕೊಳ್ಳಿ.

ಆನ್‌ಲೈನ್ ಚೆಕ್-ಇನ್

ಹೊರಡುವುದಕ್ಕೆ ಕೆಲವು ವಾರ ಮೊದಲೇ ಕಂಪನಿಯ ಜಾಲತಾಣ ಅಥವಾ ಆ್ಯಪ್‌ನಲ್ಲಿ ಚೆಕ್-ಇನ್ ತೆರೆಯುತ್ತದೆ. ತೆರೆದ ದಿನವೇ ಮಾಡಿದವರಿಗೆ ಟರ್ಮಿನಲ್ ತಲುಪುವ ಸಮಯದ ಆಯ್ಕೆ ಸಿಗುತ್ತದೆ, ತಡಮಾಡಿದವರಿಗೆ ಉಳಿದದ್ದೇ ಗತಿ. ಪಾಸ್‌ಪೋರ್ಟ್ ವಿವರ, ತುರ್ತು ಸಂಪರ್ಕ, ಹಡಗಿನ ಖರ್ಚಿಗೆ ಕಾರ್ಡ್, ಮುಖದ ಫೋಟೊ ಇಷ್ಟನ್ನು ಕೇಳುತ್ತಾರೆ. ಫೋಟೊ ಬಿಳಿ ಗೋಡೆಯ ಮುಂದೆ, ಕಪ್ಪು ಕನ್ನಡಕ ಟೋಪಿ ಇಲ್ಲದೆ ತೆಗೆದದ್ದಿರಲಿ. ಸರಿಯಿಲ್ಲದಿದ್ದರೆ ಬಂದರಿನಲ್ಲಿ ಮತ್ತೆ ತೆಗೆಯುತ್ತಾರೆ, ಸಾಲು ಅಷ್ಟೇ ಉದ್ದವಾಗುತ್ತದೆ.

ಇಲ್ಲಿ ಡೆಬಿಟ್ ಕಾರ್ಡ್ ಕೊಡದಿರುವುದು ಒಳ್ಳೆಯದು. ಹಡಗಿನಲ್ಲಿ ನಗದು ಓಡುವುದಿಲ್ಲ. ನೀವು ಕೊಳ್ಳುವುದೆಲ್ಲ ಕ್ಯಾಬಿನ್ ಖಾತೆಗೆ ಸೇರುತ್ತದೆ. ಅದಕ್ಕೆ ಭದ್ರತೆಯಾಗಿ ಕಂಪನಿ ಕಾರ್ಡ್‌ನ ಒಂದು ಮೊತ್ತವನ್ನು ತಡೆಹಿಡಿಯುತ್ತದೆ. ಕ್ರೆಡಿಟ್ ಕಾರ್ಡ್‌ನಲ್ಲಿ ಅದು ಮಿತಿಯ ಒಂದು ಭಾಗವಷ್ಟೇ. ಡೆಬಿಟ್ ಕಾರ್ಡ್‌ನಲ್ಲಾದರೆ ನಿಮ್ಮ ಸ್ವಂತ ಹಣ ಸಿಕ್ಕಿಹಾಕಿಕೊಂಡು, ಪ್ರವಾಸ ಮುಗಿದ ಮೇಲೂ ಕೆಲವು ದಿನ ಬಿಡುಗಡೆಯಾಗದೆ ಉಳಿಯಬಹುದು. ಸಿಬ್ಬಂದಿಗೆ ಕೊಡುವ ಟಿಪ್ಸ್ ಕೂಡ ಅನೇಕ ಕಂಪನಿಗಳಲ್ಲಿ ತಲೆಗಿಷ್ಟು, ದಿನಕ್ಕಿಷ್ಟು ಎಂದು ಇದೇ ಖಾತೆಗೆ ತಾನಾಗಿಯೇ ಬೀಳುತ್ತದೆ. ಟಿಕೆಟ್ ದರದಲ್ಲಿ ಅದು ಸೇರಿದೆಯೋ ಇಲ್ಲವೋ ಮೊದಲೇ ನೋಡಿಕೊಳ್ಳಿ.

ಚೆಕ್-ಇನ್ ಮುಗಿದ ಮೇಲೆ ಬೋರ್ಡಿಂಗ್ ಪಾಸ್ ಮತ್ತು ಲಗೇಜ್ ಟ್ಯಾಗ್ ಸಿಗುತ್ತವೆ. ಬೋರ್ಡಿಂಗ್ ಪಾಸ್ ಫೋನ್‌ನಲ್ಲಿದ್ದರೆ ಸಾಕು, ಆದರೂ ಕಾಗದದ ಒಂದು ಪ್ರತಿ ಇರಲಿ. ಸಾವಿರಾರು ಜನ ಸೇರಿದ ಟರ್ಮಿನಲ್‌ನಲ್ಲಿ ನೆಟ್‌ವರ್ಕ್ ಕೈಕೊಡುವುದು ಸಾಮಾನ್ಯ. ಟ್ಯಾಗ್ ಅನ್ನು ಮುದ್ರಿಸಿ, ಮಡಚಿ, ಹಿಡಿಕೆಗೆ ಸುತ್ತಿ ಪಿನ್ ಹೊಡೆದು, ಮೇಲೆ ಪಾರದರ್ಶಕ ಟೇಪ್ ಸುತ್ತಿ. ಮಳೆಗೆ ನೆನೆದು ಹರಿಯುವುದು ಟೇಪ್ ಇಲ್ಲದ ಟ್ಯಾಗ್‌ಗಳೇ. ಹಳೆಯ ವಿಮಾನದ ಟ್ಯಾಗ್‌ಗಳನ್ನು ಕಿತ್ತುಹಾಕಿ. ಹೆಸರು, ಹಡಗು, ಕ್ಯಾಬಿನ್ ಸಂಖ್ಯೆ ಬರೆದ ಚೀಟಿಯೊಂದನ್ನು ಪೆಟ್ಟಿಗೆಯ ಒಳಗೂ ಹಾಕಿದರೆ ಟ್ಯಾಗ್ ಕಳೆದರೂ ಪೆಟ್ಟಿಗೆ ಕಳೆಯುವುದಿಲ್ಲ.

ದೊಡ್ಡ ಪೆಟ್ಟಿಗೆ, ಚಿಕ್ಕ ಚೀಲ

ವಿಮಾನ ಹತ್ತಿ ಅಭ್ಯಾಸವಿರುವವರು ತಪ್ಪುವುದು ಇಲ್ಲಿ. ಟರ್ಮಿನಲ್ ಹೊರಗೆ ಪೋರ್ಟರ್ ಕೈಗೆ ಕೊಟ್ಟ ಪೆಟ್ಟಿಗೆ ನಿಮ್ಮ ಕ್ಯಾಬಿನ್ ಬಾಗಿಲಿಗೆ ಬರುವ ಹೊತ್ತಿಗೆ ಸಂಜೆಯಾಗುತ್ತದೆ, ದೊಡ್ಡ ಹಡಗುಗಳಲ್ಲಿ ರಾತ್ರಿ ಎಂಟು ಒಂಬತ್ತು ಗಂಟೆಯೂ ಆಗಬಹುದು. ಅಷ್ಟೂ ಪೆಟ್ಟಿಗೆಗಳು ಎಕ್ಸ್-ರೇ ದಾಟಿ, ಡೆಕ್‌ವಾರು ವಿಂಗಡಣೆಯಾಗಿ, ಪಂಜರದಂಥ ಗಾಡಿಗಳಲ್ಲಿ ಮೇಲೇರಬೇಕು. 2024ರಲ್ಲಿ ಯಾನ ಆರಂಭಿಸಿದ ‘ಐಕಾನ್ ಆಫ್ ದಿ ಸೀಸ್’ ಹಡಗಿನ ಗರಿಷ್ಠ ಸಾಮರ್ಥ್ಯ 7,600 ಪ್ರಯಾಣಿಕರು. ತಲೆಗೊಂದು ಪೆಟ್ಟಿಗೆ ಎಂದರೂ ಕೆಲಸ ಎಷ್ಟಾಯಿತೆಂದು ಊಹಿಸಿಕೊಳ್ಳಿ.

ಆದ್ದರಿಂದ ಆ ಆರೇಳು ಗಂಟೆಗೆ ಬೇಕಾದದ್ದೆಲ್ಲ ಭುಜದ ಚೀಲದಲ್ಲಿರಬೇಕು:

- ಪಾಸ್‌ಪೋರ್ಟ್, ವೀಸಾ, ಬೋರ್ಡಿಂಗ್ ಪಾಸ್, ವಿಮೆಯ ಕಾಗದ, ಚೆಕ್-ಇನ್‌ನಲ್ಲಿ ಕೊಟ್ಟ ಕಾರ್ಡ್
- ಎಲ್ಲ ಔಷಧಿ, ಮೂಲ ಪ್ಯಾಕೆಟ್‌ನಲ್ಲೇ, ವೈದ್ಯರ ಚೀಟಿಯೊಂದಿಗೆ. ಪ್ರವಾಸದ ದಿನಗಳಿಗಿಂತ ಮೂರು ನಾಲ್ಕು ದಿನದಷ್ಟು ಹೆಚ್ಚು
- ಫೋನ್, ಚಾರ್ಜರ್, ಪವರ್ ಬ್ಯಾಂಕ್, ಕನ್ನಡಕ, ಬೆಲೆಬಾಳುವ ಒಡವೆ
- ಒಂದು ಜೊತೆ ಬಟ್ಟೆ, ಈಜುಡುಗೆ, ತೆಳು ಸ್ವೆಟರ್
- ಮಗುವಿದ್ದರೆ ಡೈಪರ್, ಹಾಲಿನ ಪುಡಿ

ಚಕ್ರದ ದೊಡ್ಡ ಕೈಪೆಟ್ಟಿಗೆಗಿಂತ ಬೆನ್ನಿಗೆ ಹಾಕುವ ಚೀಲ ಮೇಲು. ಮಧ್ಯಾಹ್ನದವರೆಗೆ ಕ್ಯಾಬಿನ್ ತೆರೆದಿರುವುದಿಲ್ಲ, ಊಟದ ಸಾಲಿನಲ್ಲೂ ಅದನ್ನು ಹೊತ್ತೇ ತಿರುಗಬೇಕು.

ಹಡಗಿಗೆ ಒಯ್ಯಬಾರದ ವಸ್ತುಗಳ ಪಟ್ಟಿ ಕಂಪನಿಯಿಂದ ಕಂಪನಿಗೆ ಸ್ವಲ್ಪ ಬದಲಾಗುತ್ತದೆ, ಆದರೆ ಅದರ ಹಿಂದಿರುವ ಭಯ ಒಂದೇ: ಬೆಂಕಿ. ನಡುಸಮುದ್ರದಲ್ಲಿ ಹೊರಗಿನಿಂದ ಅಗ್ನಿಶಾಮಕ ದಳ ಬರುವುದಿಲ್ಲ. ಹೀಗಾಗಿ ಇಸ್ತ್ರಿಪೆಟ್ಟಿಗೆ, ವಿದ್ಯುತ್ ಕೆಟಲ್, ಹೀಟಿಂಗ್ ಕಾಯಿಲ್, ಮೇಣದಬತ್ತಿ, ಊದುಬತ್ತಿ, ಪಟಾಕಿ ಎಲ್ಲಕ್ಕೂ ನಿಷೇಧವಿದೆ. ಡ್ರೋನ್, ದೊಡ್ಡ ಚಾಕು ಕೂಡ ಬೇಡ. ಜನ ಅಚ್ಚರಿಪಡುವುದು ಸರ್ಜ್ ಪ್ರೊಟೆಕ್ಟರ್ ಇರುವ ಎಕ್ಸ್‌ಟೆನ್ಷನ್ ಬೋರ್ಡ್ ಕಿತ್ತುಕೊಂಡಾಗ. ಅದಕ್ಕೂ ಗಟ್ಟಿ ಕಾರಣವಿದೆ. ನೆಲದ ಮೇಲಿನ ಕಟ್ಟಡಗಳಲ್ಲಿ ಎರಡು ತಂತಿಗಳಲ್ಲೊಂದು ಭೂಮಿಗೆ ಜೋಡಣೆಯಾಗಿರುತ್ತದೆ. ಹಡಗುಗಳಲ್ಲಿ ಸಾಮಾನ್ಯವಾಗಿ ಎರಡೂ ತಂತಿಗಳಲ್ಲಿ ವಿದ್ಯುತ್ ಇರುತ್ತದೆ. ಮನೆಬಳಕೆಯ ಸರ್ಜ್ ಪ್ರೊಟೆಕ್ಟರ್ ಒಂದು ತಂತಿಯನ್ನು ಮಾತ್ರ ಕಡಿಯುತ್ತದೆ, ಇನ್ನೊಂದರಲ್ಲಿ ವಿದ್ಯುತ್ ಉಳಿದು ಸಾಧನ ಕಾದು ಬೆಂಕಿ ಹತ್ತಬಹುದು. ಅಮೆರಿಕದ ಕೋಸ್ಟ್ ಗಾರ್ಡ್ 2013ರಲ್ಲಿ ಇದರ ಬಗ್ಗೆಯೇ ಎಚ್ಚರಿಕೆ ಹೊರಡಿಸಿತ್ತು. ಅದರ ಬದಲು ಹಲವು ಕಿಂಡಿಗಳ ಯುಎಸ್‌ಬಿ ಚಾರ್ಜರ್ ಒಯ್ಯಿರಿ.

ಮದ್ಯದ ವಿಷಯ: ಹಲವು ಕಂಪನಿಗಳು ಮೊದಲ ದಿನ ವಯಸ್ಕರಿಗೊಂದು 750 ಮಿ.ಲೀ. ವೈನ್ ಬಾಟಲಿ ಬಿಡುತ್ತವೆ, ಅದೂ ಕೈಚೀಲದಲ್ಲಿ ಮಾತ್ರ. ಉಳಿದ ಬಾಟಲಿಗಳನ್ನು ಕೊನೆಯ ದಿನದವರೆಗೆ ಇಟ್ಟುಕೊಳ್ಳುತ್ತಾರೆ, ಇಲ್ಲವೇ ಎಸೆಯುತ್ತಾರೆ.

ಬಂದರು ತಲುಪುವುದು

ವಿಮಾನದಲ್ಲಿ ಹೋಗಿ ಹಡಗು ಹಿಡಿಯುವವರು ಒಂದು ದಿನ ಮೊದಲೇ ಆ ಊರು ಸೇರಿ. ಅದೇ ದಿನದ ವಿಮಾನವನ್ನು ನಂಬಿ ಹೊರಡುವುದು ಎಷ್ಟೇ ಅಗ್ಗವಾದರೂ ನಾವು ಒಪ್ಪುವ ಯೋಜನೆಯಲ್ಲ. ನೀವಾಗಿ ಕೊಂಡ ವಿಮಾನ ತಡವಾದರೆ ಹಡಗು ನಿಲ್ಲುವುದಿಲ್ಲ. ಬಿಟ್ಟುಹೋದ ಹಡಗನ್ನು ಮುಂದಿನ ಬಂದರಿನಲ್ಲಿ ಹಿಡಿಯೋಣವೆಂದರೆ ಆ ದೇಶದ ವೀಸಾ, ಅಲ್ಲಿಗೆ ವಿಮಾನ, ಜೊತೆಗೆ ಕಂಪನಿಯ ಅನುಮತಿ ಎಲ್ಲ ಬೇಕು, ಕೆಲವು ಮಾರ್ಗಗಳಲ್ಲಿ ಕಾನೂನೇ ಬಿಡುವುದಿಲ್ಲ.

ಹಡಗು ಸಂಜೆ ನಾಲ್ಕಕ್ಕೋ ಐದಕ್ಕೋ ಹೊರಡುತ್ತದೆ ಎಂದರೆ ಆವರೆಗೆ ಹತ್ತಬಹುದು ಎಂದಲ್ಲ. ಅಂತಿಮ ಪ್ರಯಾಣಿಕರ ಪಟ್ಟಿಯನ್ನು ಹೊರಡುವ ಮೊದಲೇ ಅಧಿಕಾರಿಗಳಿಗೆ ಕಳಿಸಬೇಕಾದ್ದರಿಂದ ಚೆಕ್-ಇನ್ ಸಾಮಾನ್ಯವಾಗಿ 60ರಿಂದ 90 ನಿಮಿಷ ಮುಂಚೆ ಮುಚ್ಚುತ್ತದೆ. ಹಡಗು ಕಣ್ಣೆದುರೇ ನಿಂತಿದ್ದರೂ ಆಮೇಲೆ ಹತ್ತಿಸಿಕೊಳ್ಳುವುದಿಲ್ಲ. ದೊಡ್ಡ ಬಂದರುಗಳಲ್ಲಿ ಹಲವು ಟರ್ಮಿನಲ್‌ಗಳಿರುತ್ತವೆ, ಒಂದರಿಂದ ಇನ್ನೊಂದಕ್ಕೆ ಕಿಲೋಮೀಟರ್‌ಗಟ್ಟಲೆ ದೂರವಿರಬಹುದು. ಟ್ಯಾಕ್ಸಿ ಚಾಲಕರಿಗೆ ಬಂದರಿನ ಹೆಸರಿನ ಜೊತೆ ಟರ್ಮಿನಲ್ ಮತ್ತು ಹಡಗಿನ ಹೆಸರನ್ನೂ ಹೇಳಿ.

ಯಾವ ಹೊತ್ತಿಗೆ ಹೋಗುವುದು ಒಳ್ಳೆಯದು? ಅದೇ ಬೆಳಗ್ಗೆ ಹಿಂದಿನ ಪ್ರವಾಸದ ಜನ ಇಳಿದು, ಹಡಗು ತೊಳೆದು, ದಿನಸಿ ತುಂಬಿಸಿ, ಸುಮಾರು ಹನ್ನೊಂದರ ಹೊತ್ತಿಗೆ ಹೊಸಬರನ್ನು ಬಿಡಲು ಶುರು ಮಾಡುತ್ತಾರೆ. ಬೇಗ ಹತ್ತಿದವರಿಗೆ ಖಾಲಿ ಈಜುಕೊಳ, ಖಾಲಿ ಬಫೆ ಸಿಗುತ್ತದೆ, ಆದರೆ ಕ್ಯಾಬಿನ್ ಸಿಗುವುದಿಲ್ಲ. ಜನಜಂಗುಳಿ ಜೋರಾಗಿರುವುದು ಹನ್ನೆರಡರಿಂದ ಎರಡರವರೆಗೆ. ವಯಸ್ಸಾದವರು, ಚಿಕ್ಕ ಮಕ್ಕಳು ಜೊತೆಗಿದ್ದರೆ ಎರಡರ ನಂತರದ ಸಮಯ ನಮ್ಮ ಆಯ್ಕೆ: ಸಾಲು ಕರಗಿರುತ್ತದೆ, ಹತ್ತಿದ ತಕ್ಷಣ ಮಲಗಲು ಕೋಣೆ ಸಿದ್ಧವಿರುತ್ತದೆ.

ಟರ್ಮಿನಲ್ ಒಳಗೆ

ಎಲ್ಲವೂ ಸುಸೂತ್ರವಾದರೆ ಅರ್ಧ ಗಂಟೆ, ಇಲ್ಲದಿದ್ದರೆ ಎರಡು ಗಂಟೆ. ಕ್ರಮ ಹೀಗಿರುತ್ತದೆ.

1. ಹೊರಗೆ ಪೋರ್ಟರ್‌ಗಳು ದೊಡ್ಡ ಪೆಟ್ಟಿಗೆ ತೆಗೆದುಕೊಳ್ಳುತ್ತಾರೆ. ಕೊಡುವ ಮುನ್ನ ಟ್ಯಾಗ್‌ನ ಕ್ಯಾಬಿನ್ ಸಂಖ್ಯೆ ಮತ್ತು ಪಾಸ್‌ಪೋರ್ಟ್ ನಿಮ್ಮ ಕೈಯಲ್ಲಿರುವುದು, ಎರಡನ್ನೂ ಒಮ್ಮೆ ನೋಡಿಕೊಳ್ಳಿ. ಒಳಹೋದ ಪೆಟ್ಟಿಗೆಯನ್ನು ಹುಡುಕಿ ತರುವುದು ಗಂಟೆಗಟ್ಟಲೆ ಕೆಲಸ.

2. ಭದ್ರತಾ ತಪಾಸಣೆಯಲ್ಲಿ ಕೈಚೀಲ ಎಕ್ಸ್-ರೇಗೆ, ನೀವು ಲೋಹಶೋಧಕದ ಬಾಗಿಲಿಗೆ. ಪೇಸ್‌ಮೇಕರ್ ಇರುವವರು ಕಾರ್ಡ್ ತೋರಿಸಿ ಕೈತಪಾಸಣೆ ಕೇಳಬಹುದು.

3. ಆರೋಗ್ಯ ಪ್ರಶ್ನಾವಳಿ. ಇತ್ತೀಚಿನ ದಿನಗಳಲ್ಲಿ ವಾಂತಿ, ಭೇದಿ, ಜ್ವರ ಇತ್ತೇ ಎಂದು ಕೇಳುತ್ತಾರೆ. ನಿಜ ಹೇಳಿ. ನೊರೊವೈರಸ್ ಒಬ್ಬರಿಂದ ಶುರುವಾಗಿ ಮುಚ್ಚಿದ ಹಡಗಿನಲ್ಲಿ ನೂರಾರು ಜನಕ್ಕೆ ಹಬ್ಬಬಲ್ಲದು. ‘ಹೌದು’ ಎಂದವರನ್ನೆಲ್ಲ ವಾಪಸ್ ಕಳಿಸುವುದಿಲ್ಲ. ಹಡಗಿನ ವೈದ್ಯಕೀಯ ಸಿಬ್ಬಂದಿ ಮಾತಾಡಿಸಿ ನಿರ್ಧರಿಸುತ್ತಾರೆ.

4. ಚೆಕ್-ಇನ್ ಕೌಂಟರ್‌ನಲ್ಲಿ ಪಾಸ್‌ಪೋರ್ಟ್, ವೀಸಾ ಪರಿಶೀಲನೆ. ಕೆಲವು ಮಾರ್ಗಗಳಲ್ಲಿ ಪಾಸ್‌ಪೋರ್ಟ್ ಅನ್ನು ಹಡಗಿನವರೇ ಇಟ್ಟುಕೊಂಡು ರಸೀದಿ ಕೊಡುತ್ತಾರೆ. ಬಂದರಿನ ವಲಸೆ ವಿಧಿಗಳನ್ನು ಎಲ್ಲರ ಪರವಾಗಿ ಒಟ್ಟಿಗೆ ಮುಗಿಸಲು ಮಾಡುವ ಏರ್ಪಾಡು ಇದು, ಗಾಬರಿ ಬೇಡ. ನಿಮ್ಮ ಹತ್ತಿರ ಎರಡು ನಕಲು ಪ್ರತಿ ಇದ್ದರೆ ದಡಕ್ಕಿಳಿದಾಗ ನೆರವಾಗುತ್ತದೆ.

5. ದೇಶ ಬಿಟ್ಟು ಹೋಗುವ ಯಾನವಾದರೆ ವಲಸೆ ಅಧಿಕಾರಿಗಳ ಮುದ್ರೆ. ಎಲ್ಲ ದೇಶಗಳಲ್ಲೂ ಈ ಹಂತ ಇರುವುದಿಲ್ಲ.

6. ಹಡಗಿನ ಕಾರ್ಡ್. ಕ್ಯಾಬಿನ್ ಬೀಗದ ಕೈ, ಖರ್ಚಿನ ಕಾರ್ಡ್, ಹಡಗಿನಿಂದ ಇಳಿದು ಹತ್ತುವ ಗುರುತು ಎಲ್ಲ ಇದೇ. ಕೆಲವು ಕಂಪನಿಗಳು ಇದನ್ನು ಕೌಂಟರ್‌ನಲ್ಲೇ ಕೊಡುತ್ತವೆ, ಕೆಲವು ಕ್ಯಾಬಿನ್ ಬಾಗಿಲ ಬಳಿ ಇಟ್ಟಿರುತ್ತವೆ. ಇದರ ಮೇಲೆ ಮುದ್ರಿತವಾಗಿರುವ ಮಸ್ಟರ್ ಸ್ಟೇಷನ್ (ತುರ್ತುಸ್ಥಿತಿಯಲ್ಲಿ ಸೇರುವ ಜಾಗ) ಸಂಕೇತವನ್ನು ಆಗಲೇ ಓದಿಟ್ಟುಕೊಳ್ಳಿ.

ಆಮೇಲೆ ಗ್ಯಾಂಗ್‌ವೇ, ಅಂದರೆ ದಡದಿಂದ ಹಡಗಿಗೆ ಹತ್ತುವ ಸೇತುವೆ. ನೀರಿನ ಮಟ್ಟ ಏರಿಳಿದಂತೆ ಇದರ ಇಳಿಜಾರೂ ಬದಲಾಗುತ್ತದೆ, ಕೆಲವೊಮ್ಮೆ ಕಡಿದಾಗಿರುತ್ತದೆ. ಗಾಲಿಕುರ್ಚಿ ಬೇಕಾದವರು ಬುಕಿಂಗ್ ಸಮಯದಲ್ಲೇ ಕೇಳಿಕೊಂಡಿದ್ದರೆ ಟರ್ಮಿನಲ್ ಬಾಗಿಲಿನಿಂದ ಹಡಗಿನೊಳಗೆ ಸಿಬ್ಬಂದಿ ತಳ್ಳಿಕೊಂಡು ಹೋಗುತ್ತಾರೆ. ಆದರೆ ಆ ಕುರ್ಚಿ ಹತ್ತಿಸುವುದಕ್ಕಷ್ಟೇ, ಪ್ರವಾಸದುದ್ದಕ್ಕೂ ಸಿಗುವುದಿಲ್ಲ.

ಮಸ್ಟರ್ ಡ್ರಿಲ್

ಹಡಗಿಗೆ ಕಾಲಿಟ್ಟವರು ಸಾಮಾನ್ಯವಾಗಿ ನೇರ ಬಫೆಗೆ ಹೋಗುತ್ತಾರೆ. ಮೊದಲು ಮಸ್ಟರ್ ಸ್ಟೇಷನ್‌ಗೆ ಹೋಗಿ ಎಂಬುದು ನಮ್ಮ ಗಟ್ಟಿ ಸಲಹೆ. ತುರ್ತುಸ್ಥಿತಿಯಲ್ಲಿ ನೀವು ಸೇರಬೇಕಾದ ಜಾಗ ಇದು. ನಿಮ್ಮ ಲೈಫ್‌ಬೋಟ್ ಗುಂಪನ್ನು ಇಲ್ಲಿಂದಲೇ ಎಣಿಸಿ ಕರೆದೊಯ್ಯುತ್ತಾರೆ.

ಇಲ್ಲಿ ನಡೆಯುವ ತುರ್ತು ಕವಾಯತೇ ಮಸ್ಟರ್ ಡ್ರಿಲ್. ಅದನ್ನು ತಪ್ಪಿಸುವಂತಿಲ್ಲ, ಅದರ ಹಿಂದೆ ಕಹಿ ಇತಿಹಾಸವಿದೆ. 1912ರಲ್ಲಿ ಟೈಟಾನಿಕ್ ಮುಳುಗಿದ ಮೇಲೆ 1914ರಲ್ಲಿ ಸಮುದ್ರದಲ್ಲಿ ಜೀವರಕ್ಷಣೆಯ ಅಂತರರಾಷ್ಟ್ರೀಯ ಒಪ್ಪಂದ ರೂಪುಗೊಂಡಿತು. ಇಂದು ಅದನ್ನು ಸೋಲಾಸ್ ಎನ್ನುತ್ತಾರೆ. ಅದರ ಪ್ರಕಾರ ಬಹುಕಾಲ, ಪ್ರಯಾಣಿಕರು ಹತ್ತಿದ 24 ಗಂಟೆಯೊಳಗೆ ಡ್ರಿಲ್ ಮಾಡಿದರೆ ಸಾಕಿತ್ತು. 2012ರ ಜನವರಿ 13ರ ರಾತ್ರಿ ಇಟಲಿಯ ಜಿಲಿಯೊ ದ್ವೀಪದ ಬಳಿ ‘ಕೋಸ್ಟಾ ಕಾಂಕಾರ್ಡಿಯಾ’ ಬಂಡೆಗೆ ಬಡಿದಾಗ, ಅದೇ ದಿನ ಹತ್ತಿದ್ದ ನೂರಾರು ಜನರಿಗೆ ಇನ್ನೂ ಡ್ರಿಲ್ ಆಗಿರಲಿಲ್ಲ. 32 ಮಂದಿ ಸತ್ತರು. 2015ರ ಜನವರಿ 1ರಿಂದ ನಿಯಮ ಬದಲಾಗಿ, ಹೊರಡುವ ಮೊದಲು ಅಥವಾ ಹೊರಟ ಕೂಡಲೇ ಡ್ರಿಲ್ ಕಡ್ಡಾಯವಾಯಿತು. ಬರಲೊಲ್ಲದವರನ್ನು ಕ್ಯಾಪ್ಟನ್ ಹಡಗಿನಿಂದ ಇಳಿಸಬಹುದು.

ಈಗ ಅನೇಕ ಹಡಗುಗಳಲ್ಲಿ ಎಲ್ಲರೂ ಒಟ್ಟಿಗೆ ನಿಲ್ಲಬೇಕಿಲ್ಲ. ಆ್ಯಪ್‌ನಲ್ಲಿ ಅಥವಾ ಕ್ಯಾಬಿನ್ ಟಿವಿಯಲ್ಲಿ ವಿಡಿಯೊ ನೋಡಿ, ನಂತರ ನಿಮ್ಮ ಸ್ಟೇಷನ್‌ಗೆ ಹೋಗಿ ಕಾರ್ಡ್ ಸ್ಕ್ಯಾನ್ ಮಾಡಿಸಿದರೆ ಮುಗಿಯಿತು. ವಿಡಿಯೊ ನೋಡಿ ಸ್ಟೇಷನ್‌ಗೆ ಹೋಗುವುದನ್ನು ಮರೆತವರ ಹೆಸರನ್ನೇ ಆಮೇಲೆ ಮೈಕ್‌ನಲ್ಲಿ ಕೂಗುವುದು.

ಡ್ರಿಲ್‌ನಲ್ಲಿ ಕಲಿಯಬೇಕಾದದ್ದು ನಾಲ್ಕು ವಿಷಯ. ತುರ್ತು ಸಂಕೇತ: ಏಳು ಅಥವಾ ಹೆಚ್ಚು ಚಿಕ್ಕ ಕೂಗು, ನಂತರ ಒಂದು ಉದ್ದ ಕೂಗು. ಅದು ಕೇಳಿದಾಗ ಮೆಟ್ಟಿಲು ಬಳಸಬೇಕು, ಲಿಫ್ಟ್ ಬೇಡ. ಲೈಫ್ ಜಾಕೆಟ್ ಎಲ್ಲಿದೆ ಎಂಬುದು: ಕೆಲವು ಹಡಗುಗಳಲ್ಲಿ ಕ್ಯಾಬಿನ್ ಕಪಾಟಿನಲ್ಲಿ, ಕೆಲವದರಲ್ಲಿ ಸ್ಟೇಷನ್‌ನಲ್ಲೇ. ಕೊನೆಯದು, ಕ್ಯಾಬಿನ್‌ನಿಂದ ಸ್ಟೇಷನ್‌ಗೆ ಹೋಗುವ ದಾರಿ. ಇದನ್ನು ಒಮ್ಮೆ ಕಾಲಲ್ಲೇ ನಡೆದು ನೋಡಿ, ಬಾಗಿಲುಗಳನ್ನು ಎಣಿಸಿಟ್ಟುಕೊಳ್ಳಿ. ಹೊಗೆ ತುಂಬಿದಾಗ ನಕ್ಷೆ ಕಾಣುವುದಿಲ್ಲ. ಮಕ್ಕಳ ಲೈಫ್ ಜಾಕೆಟ್ ತೂಕದ ಮೇಲೆ ಬೇರೆ ಬೇರೆ: 15 ಕೆ.ಜಿ.ಗಿಂತ ಕಡಿಮೆಯಿರುವ ಶಿಶುಗಳದ್ದು ಒಂದು, 15ರಿಂದ 43 ಕೆ.ಜಿ. ಮಕ್ಕಳದ್ದು ಇನ್ನೊಂದು. ಕ್ಯಾಬಿನ್‌ನಲ್ಲಿ ಸರಿಯಾದದ್ದು ಕಾಣದಿದ್ದರೆ ಹಡಗು ಹೊರಡುವ ಮುನ್ನವೇ ಸಿಬ್ಬಂದಿಯನ್ನು ಕೇಳಿ ಪಡೆಯಿರಿ. ಮಕ್ಕಳಿಗೆ ಸ್ಟೇಷನ್ ಸಂಕೇತವಿರುವ ಕೈಪಟ್ಟಿ ಕೊಡುತ್ತಾರೆ, ಅದನ್ನು ಬಿಚ್ಚಬೇಡಿ. ಮಕ್ಕಳ ಕ್ಲಬ್‌ನಲ್ಲಿರುವಾಗ ಸಂಕೇತ ಮೊಳಗಿದರೆ ಅವರನ್ನು ಯಾರು, ಎಲ್ಲಿಗೆ ಕರೆತರುತ್ತಾರೆ ಎಂದು ಅಲ್ಲೇ ಕೇಳಿಕೊಳ್ಳಿ.

ಉಳಿದ ಮಧ್ಯಾಹ್ನ

ಡ್ರಿಲ್ ಮುಗಿದ ಮೇಲೆ ಊಟ. ಮೇಲಿನ ಡೆಕ್‌ನ ಬಫೆಯಲ್ಲಿ ಕಾಲಿಡಲು ಜಾಗವಿಲ್ಲದಿರುವಾಗ ಕೆಳಗಿನ ಊಟದ ಸಭಾಂಗಣ ಅಥವಾ ಚಿಕ್ಕ ಕೆಫೆಗಳು ಹೆಚ್ಚಾಗಿ ತೆರೆದೂ ಇರುತ್ತವೆ, ಖಾಲಿಯೂ ಇರುತ್ತವೆ. ಉಣ್ಣುವ ಮೊದಲು ಕೈಯನ್ನು ಸೋಪು ನೀರಿನಲ್ಲಿ 20 ಸೆಕೆಂಡ್ ತೊಳೆಯಿರಿ. ಬಾಗಿಲಲ್ಲಿಟ್ಟಿರುವ ಆಲ್ಕೊಹಾಲ್ ಸ್ಯಾನಿಟೈಸರ್ ನೊರೊವೈರಸ್ ಮೇಲೆ ಅಷ್ಟಾಗಿ ಕೆಲಸ ಮಾಡುವುದಿಲ್ಲ. ಆಹಾರ ಅಲರ್ಜಿ ಅಥವಾ ಪಥ್ಯವಿದ್ದರೆ ಬುಕಿಂಗ್‌ನಲ್ಲಿ ಬರೆಸಿದ್ದರೂ ಊಟದ ವಿಭಾಗದ ಮುಖ್ಯಸ್ಥರನ್ನು ಮೊದಲ ದಿನವೇ ಖುದ್ದಾಗಿ ಕಾಣಿ. ಮರುದಿನದ ಅಡುಗೆಯನ್ನು ಹಿಂದಿನ ರಾತ್ರಿಯೇ ಗೊತ್ತುಮಾಡುವ ಪದ್ಧತಿ ಇರುವುದರಿಂದ ಬಾಯಿಮಾತು ಬೇಗ ತಲುಪಿದಷ್ಟೂ ಒಳ್ಳೆಯದು.

ಕ್ಯಾಬಿನ್ ತೆರೆದ ಮೇಲೆ ಐದು ನಿಮಿಷದಲ್ಲಿ ಎಲ್ಲ ಪರೀಕ್ಷಿಸಿ: ಎ.ಸಿ., ಬಿಸಿನೀರು, ಲಾಕರ್, ಬಾಲ್ಕನಿ ಬಾಗಿಲಿನ ಚಿಲಕ. ದೋಷವಿದ್ದರೆ ಮೊದಲ ದಿನ ಹೇಳಿದವರಿಗೆ ಪರಿಹಾರ ಬೇಗ. ಶೌಚಾಲಯ ನಿರ್ವಾತ ಒತ್ತಡದಲ್ಲಿ ಕೆಲಸ ಮಾಡುತ್ತದೆ. ಅಲ್ಲಿರುವ ಕಾಗದ ಬಿಟ್ಟು ಬೇರೇನು ಹಾಕಿದರೂ ಕೊಳವೆ ಕಟ್ಟಿ ನಿಮ್ಮ ಜೊತೆ ಅಕ್ಕಪಕ್ಕದ ಕ್ಯಾಬಿನ್‌ಗಳ ಶೌಚಾಲಯವೂ ನಿಲ್ಲುತ್ತದೆ. ಗೋಡೆಗಳು ಬಹುತೇಕ ಉಕ್ಕಿನವು, ಹಾಗಾಗಿ ಮ್ಯಾಗ್ನೆಟ್ ಕೊಕ್ಕೆ ಅಂಟುತ್ತದೆ. ಚಿಕ್ಕ ಕೋಣೆಯಲ್ಲಿ ಟೋಪಿ, ಚೀಲ ನೇತುಹಾಕಲು ಅನುಕೂಲ.

ಫೋನ್ ಅನ್ನು ಹಡಗು ದಡ ಬಿಡುವ ಮೊದಲೇ ಏರ್‌ಪ್ಲೇನ್ ಮೋಡ್‌ಗೆ ಹಾಕಿ, ಆಮೇಲೆ ವೈಫೈ ಮಾತ್ರ ಚಾಲೂ ಮಾಡಿ. ದಡ ದೂರವಾದ ಮೇಲೆ ಹಡಗಿನದೇ ಮೊಬೈಲ್ ಜಾಲ ಉಪಗ್ರಹದ ಮೂಲಕ ಕೆಲಸ ಮಾಡುತ್ತದೆ. ಫೋನ್ ತಾನಾಗಿ ಅದಕ್ಕೆ ಸೇರಿಕೊಂಡರೆ ಸಾಮಾನ್ಯ ರೋಮಿಂಗ್ ಯೋಜನೆ ಅನ್ವಯಿಸದೆ ಭಾರಿ ಬಿಲ್ ಬರುತ್ತದೆ. ಹಡಗಿನ ಆ್ಯಪ್ ನಡೆಯಲು ಸಾಮಾನ್ಯವಾಗಿ ಇಂಟರ್ನೆಟ್ ಪ್ಯಾಕ್ ಬೇಕಿಲ್ಲ, ಒಳಗಿನ ವೈಫೈ ಸಾಕು. ವಿಶೇಷ ರೆಸ್ಟೋರೆಂಟ್, ನಾಟಕ, ದಡದ ಸುತ್ತಾಟಗಳ ಕಾಯ್ದಿರಿಸುವಿಕೆಯನ್ನು ಆ ಸಂಜೆಯೇ ಮುಗಿಸಿ.

ವಾಕರಿಕೆಯ ಭಯವಿರುವವರು ಔಷಧಿಯನ್ನು ತಲೆ ತಿರುಗಿದ ಮೇಲೆ ತೆಗೆದುಕೊಂಡರೆ ಪ್ರಯೋಜನ ಕಡಿಮೆ. ಮೊದಲೇ ವೈದ್ಯರನ್ನು ಕೇಳಿ, ಹಡಗು ಹೊರಡುವ ಮುನ್ನ ತೆಗೆದುಕೊಳ್ಳಿ. ಕಿವಿಯ ಹಿಂದೆ ಅಂಟಿಸುವ ಸ್ಕೋಪೊಲಮೈನ್ ಪಟ್ಟಿಯನ್ನು ಕನಿಷ್ಠ 4 ಗಂಟೆ ಮೊದಲು ಹಚ್ಚಬೇಕು. ಕೆಲವು ಬಗೆಯ ಗ್ಲಾಕೋಮಾ ಇರುವವರಿಗೆ ಅದು ಸಲ್ಲದು. ಹಡಗಿನ ಓಲಾಟ ಕೆಳಗಿನ ಡೆಕ್‌ಗಳ ನಡುಭಾಗದಲ್ಲಿ ಕಡಿಮೆ, ಮೂತಿಯ ಕಡೆ ಮತ್ತು ಮೇಲೆ ಹೋದಷ್ಟೂ ಹೆಚ್ಚು.

ರಾತ್ರಿ ಊಟ ಮುಗಿಸಿ ಬಂದರೂ ಪೆಟ್ಟಿಗೆ ಬಾಗಿಲಲ್ಲಿ ಇಲ್ಲದಿದ್ದರೆ ಮೊದಲು ಅಕ್ಕಪಕ್ಕದ ಕ್ಯಾಬಿನ್‌ಗಳ ಮುಂದೆ ಮತ್ತು ಲಿಫ್ಟ್ ಬಳಿಯ ಜಾಗದಲ್ಲಿ ನೋಡಿ, ಒಂದಂಕಿ ತಪ್ಪಿ ಬೇರೆಡೆ ಇಟ್ಟಿರುವುದುಂಟು. ನಂತರ ಅತಿಥಿ ಸೇವಾ ಕೌಂಟರ್‌ಗೆ ಹೋಗಿ. ಟ್ಯಾಗ್ ಕಿತ್ತುಹೋದ ಪೆಟ್ಟಿಗೆಗಳನ್ನೂ ನಿಷಿದ್ಧ ವಸ್ತು ಕಂಡ ಪೆಟ್ಟಿಗೆಗಳನ್ನೂ ಭದ್ರತಾ ವಿಭಾಗ ಒಂದು ಕೋಣೆಯಲ್ಲಿ ತಡೆದಿಟ್ಟಿರುತ್ತದೆ. ನೀವು ಹೋಗಿ ಗುರುತಿಸಿ, ಅವರ ಮುಂದೆ ತೆರೆದು ತೋರಿಸಬೇಕು. ಇಸ್ತ್ರಿಪೆಟ್ಟಿಗೆಯೋ ಎಕ್ಸ್‌ಟೆನ್ಷನ್ ಬೋರ್ಡೋ ಸಿಕ್ಕರೆ ಅದನ್ನಷ್ಟೇ ಇಟ್ಟುಕೊಂಡು ಚೀಟಿ ಕೊಡುತ್ತಾರೆ, ಇಳಿಯುವ ದಿನ ಆ ಚೀಟಿ ತೋರಿಸಿ ವಾಪಸ್ ಪಡೆಯಬಹುದು.